6,000 ರೂಪಾಯಿಯೊಳಗೆ ಹಿತ್ತಲಲ್ಲಿ ಕೋಳಿಗೂಡು: ಎಲ್ಲಿ ಉಳಿಸೋದು, ಎಲ್ಲಿ ಖರ್ಚು ಮಾಡೋದು?

ಹಿತ್ತಲಮನೆ, ತುಮಕೂರು:
ಎಲ್ಲರಿಗೂ ನಮಸ್ಕಾರ. ಎಂಟು ಹೇಂಟೆ ಹಿಡಿಸುವಷ್ಟು ಒಂದು ಗೂಡು ಕಟ್ಟಬೇಕು ಅಂತಿದ್ದೇವೆ. ಕೈಯಲ್ಲಿರುವುದು 6,000 ರೂಪಾಯಿ. ಅದರಲ್ಲೇ ಕೋಳಿಯೂ ಬರಬೇಕು. ರೆಡಿಮೇಡ್ ಗೂಡು ವಿಚಾರಿಸಿದರೆ ಗೂಡಿಗೇ 15,000 ಮೇಲೆ ಹೇಳುತ್ತಾರೆ. ಅದು ನಮ್ಮಿಂದ ಆಗದ ಮಾತು.

ಮನೆ ಹಿಂದೆ 20 ಅಡಿ ಅಗಲ, 30 ಅಡಿ ಉದ್ದದ ಜಾಗ ಇದೆ. ಎರಡು ತೆಂಗು, ಒಂದು ನುಗ್ಗೆ, ಕರಿಬೇವು. ಮೂರು ಕಡೆ ಕಾಂಪೌಂಡ್, ಒಂದು ಕಡೆ ಬೇಲಿ. ಬೇಲಿ ಆಚೆ ಬೀಳು ಹೊಲ. ಯಜಮಾನರು ಕೆಲಸ ಮಾಡುವ ಕಡೆ ಮರದ ಪ್ಯಾಲೆಟ್ ಐದಾರು ಸುಮ್ನೆ ಸಿಗುತ್ತವೆ. ಹಳೇ ಬೇಲಿಯ ಕಲ್ಲು ಕಂಬ ನಾಲ್ಕು ಇವೆ. ಗರಗಸ, ಸುತ್ತಿಗೆ ಕೆಲಸ ಯಜಮಾನರಿಗೆ ಬರುತ್ತದೆ.

ಇನ್ನೊಂದು ವಿಷಯ. ಕೋಳಿ ನೋಡಿಕೊಳ್ಳುವವರು ನಮ್ಮ ಅತ್ತೆ. ಊರಲ್ಲಿದ್ದಾಗ ಜಗಲಿ ಕೆಳಗಿನ ಗೂಡಿನಲ್ಲಿ ಕೋಳಿ ಸಾಕಿ ಅನುಭವ ಇದೆ. ಈಗ ಮಂಡಿ ನೋವು, ಬಗ್ಗುವ ಹಾಗಿಲ್ಲ. ಅವರು ನಿಂತ ಹಾಗೇ ಮೊಟ್ಟೆ ತೆಗೆಯುವಂತಿರಬೇಕು. ದಯವಿಟ್ಟು ಹೇಳಿ, ಎಲ್ಲಿಂದ ಶುರು ಮಾಡಲಿ?

ಅಡಿಕೆಮನೆ, ತೀರ್ಥಹಳ್ಳಿ:
ಅಕ್ಕ, ಮೊದಲು ಜಾಲರಿ ಮತ್ತು ಬಾಗಿಲಿಗೆ ಹಣ ಎತ್ತಿಡಿ. ಉಳಿದದ್ದೆಲ್ಲ ಹಳೇ ಸಾಮಾನಿನಲ್ಲಿ ಆಗುತ್ತದೆ. ಗೋಡೆಗೆ ಪ್ಯಾಲೆಟ್ ಸಾಕು, ಮೊಟ್ಟೆ ಇಡುವ ಜಾಗಕ್ಕೆ ಎಣ್ಣೆ ಡಬ್ಬ ಸಾಕು. ಜಾಲರಿ, ಬಾಗಿಲು ಈ ಎರಡರಲ್ಲಿ ಮಾತ್ರ ಕೈ ಹಿಡಿಯಬೇಡಿ.

ಯಾಕೆ ಅಂದರೆ, ಕತ್ತಲಾದ ಮೇಲೆ ಕೋಳಿಗೆ ಕಣ್ಣು ಕಾಣುವುದಿಲ್ಲ. ಕೂತ ಜಾಗದಲ್ಲೇ ಕೂತಿರುತ್ತದೆ, ಓಡುವುದೂ ಇಲ್ಲ. ಹಗಲು ಮುಂಗುಸಿ ಬರುತ್ತದೆ. ರಾತ್ರಿ ಕಬ್ಬೆಕ್ಕು, ಕಾಡುಬೆಕ್ಕು, ಬೀದಿನಾಯಿ. ನಿಮ್ಮ ಬೇಲಿ ಆಚೆ ಬೀಳು ಹೊಲ ಅಂದಿರಿ, ಅಲ್ಲಿ ಮುಂಗುಸಿ ಇದ್ದೇ ಇರುತ್ತದೆ. ಕಬ್ಬೆಕ್ಕು ಒಳಗೆ ನುಗ್ಗಿತು ಅಂದರೆ ಒಂದನ್ನು ಹಿಡಿದು ಸುಮ್ಮನಾಗುವುದಿಲ್ಲ, ಇರುವಷ್ಟನ್ನೂ ಕಚ್ಚಿ ಹಾಕಿ ಹೋಗುತ್ತದೆ.

ಅಂಗಡಿಯಲ್ಲಿ ಕೋಳಿ ಜಾಲರಿ ಅಂತ ಕೇಳಿದರೆ ಆರು ಮೂಲೆ ಕಣ್ಣಿನ ತೆಳು ತಂತಿಯದು ಕೊಡುತ್ತಾರೆ. ಅದರಲ್ಲಿ ತಂತಿಗೆ ತಂತಿ ಬರೀ ತಿರುಚಿರುತ್ತದೆ. ಕೋಳಿ ಹೊರಗೆ ಹೋಗದಂತೆ ತಡೆಯಲು ಅದು ಸಾಕು. ಹೊರಗಿನದು ಒಳಗೆ ಬರದಂತೆ ತಡೆಯಲು ಆಗುವುದಿಲ್ಲ, ನಾಯಿ ಹಲ್ಲು ಹಾಕಿ ಎಳೆದರೆ ಹರಿಯುತ್ತದೆ. ನೀವು ಕೇಳಬೇಕಾದದ್ದು ಅರ್ಧ ಇಂಚಿನ ವೆಲ್ಡ್ ಮೆಶ್. ಪ್ರತಿ ಗಂಟಿನಲ್ಲೂ ಬೆಸುಗೆ ಇರುತ್ತದೆ. ತಂತಿ ಸುಮಾರು ಒಂದು ಮಿಲಿಮೀಟರ್ ದಪ್ಪ ಇರಲಿ, ಜಿಂಕ್ ಲೇಪ ಇರಲಿ. ಒಂದು ಇಂಚಿನ ಕಣ್ಣಿನದು ಅಗ್ಗ ಅಂತ ಕೊಡಲು ನೋಡುತ್ತಾರೆ, ಬೇಡ ಅನ್ನಿ. ಅದರಲ್ಲಿ ಇಲಿ ಆರಾಮಾಗಿ ಒಳಗೆ ಬರುತ್ತದೆ. ಇಲಿ ಹಿಂದೆಯೇ ಹಾವು ಬರುತ್ತದೆ.

ಕೋಲಾರದವನು:
ಜಾಲರಿ ವಿಷಯದಲ್ಲಿ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ.

ಗೋಡೆಗೆ ಇನ್ನೊಂದು ಉಪಾಯ ಇದೆ. ನಮ್ಮ ಕಡೆ ರೇಷ್ಮೆ ಬಿಟ್ಟವರ ಮನೆಗಳಲ್ಲಿ ಹಳೇ ಚಂದ್ರಿಕೆ, ಅಂದರೆ ರೇಷ್ಮೆ ಹುಳ ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ, ಅಟ್ಟದ ಮೇಲೆ ಬಿದ್ದಿರುತ್ತವೆ. ಅದರ ಬಿದಿರಿನ ಚಾಪೆ ಬಿಸಿಲಿಗೆ ಮರೆ ಕಟ್ಟಲು ಚೆನ್ನಾಗಿರುತ್ತದೆ, ಗಾಳಿಯೂ ಆಡುತ್ತದೆ. ಜಾಲರಿ ಹೊರಗಡೆ ಕಟ್ಟಿ, ಬೇಸಿಗೆಯಲ್ಲಿ ಇಳಿಬಿಡಿ, ಬೇಡ ಅಂದಾಗ ಸುತ್ತಿಡಿ.

ಆದರೆ ಗೂಡಿನ ಒಳಗೆ ಬಿದಿರು ಹಾಕುವುದಾದರೆ ಒಂದು ಎಚ್ಚರ. ಗಳದ ತುದಿ ಪೊಳ್ಳು ಇರುತ್ತದಲ್ಲ, ಕೋಳಿ ಉಣ್ಣೆಗೆ ಅದಕ್ಕಿಂತ ಒಳ್ಳೇ ಮನೆ ಬೇರೆ ಇಲ್ಲ. ಹಗಲೆಲ್ಲ ಆ ತೂತಿನಲ್ಲಿ ಅಡಗಿರುತ್ತದೆ. ರಾತ್ರಿ ಹೊರಗೆ ಬಂದು ಕೋಳಿ ಕಾಲಿಗೆ ಹತ್ತಿ ರಕ್ತ ಹೀರುತ್ತದೆ. ಹಗಲಲ್ಲಿ ಕೋಳಿ ಹಿಡಿದು ನೋಡಿದರೆ ಏನೂ ಕಾಣುವುದಿಲ್ಲ, ಕೋಳಿ ಮಾತ್ರ ಸೊರಗುತ್ತಾ ಹೋಗುತ್ತದೆ. ತುದಿಗಳಿಗೆ ಸಿಮೆಂಟ್ ಇಲ್ಲ ಜೇಡಿಮಣ್ಣು ಗಟ್ಟಿಯಾಗಿ ತುಂಬಿಬಿಡಿ.

ಹಿತ್ತಲಮನೆ, ತುಮಕೂರು:
ಇದು ಗೊತ್ತೇ ಇರಲಿಲ್ಲ. ಅತ್ತೆಗೆ ಓದಿ ಹೇಳಿದೆ. ಊರಲ್ಲಿ ವರ್ಷಕ್ಕೊಂದು ಸಲ ಗೂಡಿನ ಒಳಗೆಲ್ಲ ಸುಣ್ಣ ಬಳಿಯುತ್ತಿದ್ದರಂತೆ, ಸಂದಿಗೆ ಹೋಗುವ ಹಾಗೆ ನೀರು ಸುಣ್ಣ. ಅದು ಇದಕ್ಕೇ ಇರಬೇಕು ಅಲ್ವಾ?

ಚಾವಣಿಗೆ ಏನು ಮಾಡಲಿ? ಹತ್ತಿರದಲ್ಲಿ ಹಳೇ ಮನೆ ಬೀಳಿಸುತ್ತಿದ್ದಾರೆ, ಮಂಗಳೂರು ಹೆಂಚು ಕಡಿಮೆಗೆ ಕೊಡುತ್ತಾರಂತೆ. ಗೂಡು 6 ಅಡಿ ಉದ್ದ, 4 ಅಡಿ ಅಗಲ ಅಂದುಕೊಂಡಿದ್ದೇವೆ.

ಪಶುವೈದ್ಯ (ನಿವೃತ್ತ):
ಹೌದಮ್ಮ, ಅದಕ್ಕೇ. ಸುಣ್ಣ ಸಂದಿ ಮುಚ್ಚುತ್ತದೆ, ಒಳಗಿರುವ ಹುಳ, ಮೊಟ್ಟೆ ಎಲ್ಲ ಸಾಯುತ್ತವೆ. ನಿಮ್ಮ ಅತ್ತೆಯವರ ಮಾತು ಕೇಳಿ. ನಾವು ಪುಸ್ತಕದಲ್ಲಿ ಓದಿದ ಎಷ್ಟೋ ವಿಷಯ ಅವರಿಗೆ ರೂಢಿಯಲ್ಲೇ ಗೊತ್ತಿರುತ್ತದೆ.

6 ಅಡಿ, 4 ಅಡಿ ಅಂದರೆ 24 ಚದರ ಅಡಿ. ಎಂಟು ಕೋಳಿಗೆ ತಲಾ 3 ಚದರ ಅಡಿ ಸಿಕ್ಕಿತು. ಹಗಲು ಹೊರಗೆ ಬಿಡುವ ಕೋಳಿಗೆ ಇದು ಧಾರಾಳ ಜಾಗ. ಮಳೆ ಹಿಡಿದು ದಿನವಿಡೀ ಒಳಗೇ ಇರಬೇಕಾದರೂ ಒಂದನ್ನೊಂದು ಕುಕ್ಕಿಕೊಳ್ಳುವುದಿಲ್ಲ. ಗೂಡಿನ ಉದ್ದ ಪೂರ್ವದಿಂದ ಪಶ್ಚಿಮಕ್ಕೆ ಬರುವಂತಿರಲಿ. ಆಗ ಬಿಸಿಲು ನೇರ ಒಳಗೆ ಹೊಡೆಯುವುದಿಲ್ಲ.

ಪುತ್ತೂರು ಮುರಕಲ್ಲು:
ಹೆಂಚು ತಂಪು, ಬಾಳಿಕೆ ಬರುತ್ತದೆ, ಅದರಲ್ಲಿ ಎರಡು ಮಾತಿಲ್ಲ ಮಾರಾಯ್ರೆ. ನಮ್ಮ ಮನೆ ಗೂಡಿಗೂ ಹೆಂಚೇ. ಆದರೆ ನಿಮ್ಮ ಗೂಡಿಗೆ ನಾನು ಅದನ್ನು ಹೇಳುವುದಿಲ್ಲ. ಲೆಕ್ಕ ಹಾಕಿ ನೋಡಿ.

6 ಅಡಿ, 4 ಅಡಿ ಗೂಡಿಗೆ ಸುತ್ತ ಒಂದೂವರೆ ಅಡಿ ಇಳಿಮಾಡು ಬಿಡಬೇಕು. ಇಲ್ಲದಿದ್ದರೆ ಮಳೆ ಇರಿಚಲು ಒಳಗೆ ಬರುತ್ತದೆ. ಅಂದರೆ ಮೇಲ್ಗಡೆ 9 ಅಡಿ, 7 ಅಡಿ ಆಯಿತು. ಹೆಂಚಿಗೆ ಇಳಿಜಾರು ಜಾಸ್ತಿ ಬೇಕು, 4 ಅಡಿ ಅಗಲಕ್ಕೆ ಹತ್ತಿರ ಹತ್ತಿರ 2 ಅಡಿ ಇಳಿತ. ಇಳಿಜಾರು ಕಡಿಮೆಯಾದರೆ ನೀರು ಹೆಂಚಿನ ಸಂದಿಯಲ್ಲಿ ಹಿಂದಕ್ಕೆ ಹೋಗಿ ಸೋರುತ್ತದೆ. ಒಂದು ಚದರ ಮೀಟರಿಗೆ ಸುಮಾರು 15 ಹೆಂಚು ಬೇಕು. ಇಳಿಜಾರು ಸೇರಿ ನಿಮಗೆ ಹತ್ತಿರ ಹತ್ತಿರ 100 ಹೆಂಚು ಆಗುತ್ತದೆ. ಒಂದೊಂದು ಹೆಂಚು 2 ಕೆಜಿಗಿಂತ ಜಾಸ್ತಿ. ಎರಡು ಕ್ವಿಂಟಾಲ್ ದಾಟಿತು. ಮಳೆಗೆ ನೆನೆದರೆ ಇನ್ನೂ ಭಾರ. ಅದನ್ನು ಹೊರಲು ಪಕ್ಕಾಸು, ರೀಪು ಎಲ್ಲ ಗಟ್ಟಿ ಮರದ್ದೇ ಬೇಕು. ಹೆಂಚು ಅಗ್ಗಕ್ಕೆ ಸಿಕ್ಕಿತು, ಮರಕ್ಕೆ ಹಣ ಹೋಯಿತು. ಮಂಗಗಳ ಕಾಟ ಇದ್ದರಂತೂ ದಿನಾ ಹೆಂಚು ಸರಿ ಮಾಡುವುದೇ ಕೆಲಸ.

ಗುಜರಿಯಲ್ಲಿ ಹಳೇ ತಗಡಿನ ಶೀಟು ನೋಡಿ. ಅರ್ಧ ಅಡಿ, ಒಂದಡಿ ಇಳಿಜಾರು ಸಾಕು. ಹಗುರ.

ಜವಾರಿ, ಧಾರವಾಡ:
ತಗಡು ಹಾಕುವುದಾದರೆ ಮೇಲೆ ಏನಾದರೂ ಹೊದಿಸಲೇಬೇಕು ಅಕ್ಕಾರ. ನಮ್ಮ ಕಡೆ ಬೇಸಿಗೆಯಲ್ಲಿ ಬರೀ ತಗಡಿನ ಗೂಡಿನೊಳಗೆ ಮಧ್ಯಾಹ್ನ ಕೈ ಇಟ್ಟರೆ ಸುಡುತ್ತದೆ. ಕೋಳಿಗೆ ಬೆವರುವುದಕ್ಕೆ ಬರುವುದಿಲ್ಲ, ಬಾಯಿ ತೆರೆದು ಏದುಸಿರು ಬಿಡುವುದೇ ಮುಖ್ಯ ದಾರಿ. ನಾವು ತಗಡಿನ ಮೇಲೆ ಜೋಳದ ಕಣಕಿ ದಪ್ಪಗೆ ಹಾಸಿ, ಗಾಳಿಗೆ ಹಾರದಂತೆ ಹಗ್ಗ ಕಟ್ಟುತ್ತೇವೆ. ನಿಮಗೆ ಎರಡು ತೆಂಗಿನ ಮರ ಇವೆಯಲ್ಲ, ಬಿದ್ದ ಗರಿ ಹೆಣೆದು ಹಾಸಿಬಿಡಿ. ಖರ್ಚೇ ಇಲ್ಲ.

ಸಾಧ್ಯ ಆದರೆ ನುಗ್ಗೆ ಮರದ ಪೂರ್ವಕ್ಕೆ ಗೂಡು ಬರಲಿ. ಮಧ್ಯಾಹ್ನದ ಮೇಲಿನ ಬಿಸಿಲಿಗೆ ಮರದ ನೆರಳು ಸಿಗುತ್ತದೆ. ತೆಂಗಿನ ಮರದ ಕೆಳಗೆ ಮಾತ್ರ ಬೇಡ, ಕಾಯಿ ಬಿದ್ದರೆ ಶೀಟು ತೂತು.

ಪಶುವೈದ್ಯ (ನಿವೃತ್ತ):
ಒಂದು ಸೇರಿಸುತ್ತೇನೆ. ಗುಜರಿಯಲ್ಲಿ ಹಳೇ ಸಿಮೆಂಟ್ ಶೀಟು, ಅಂದರೆ ಆಸ್‌ಬೆಸ್ಟಾಸ್ ಶೀಟು ಕೂಡ ಸಿಗುತ್ತದೆ. ಅದನ್ನು ಮನೆಯಲ್ಲಿ ಗರಗಸ ಹಾಕಿ ಕತ್ತರಿಸಬೇಡಿ, ಒಡೆಯಬೇಡಿ. ಅದರ ಪುಡಿ ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು, ಒಳಗೆ ಹೋದರೆ ಹೊರಗೆ ಬರುವುದಿಲ್ಲ. ಕತ್ತರಿಸಬೇಕಾಗಿ ಬಂದರೆ ಆ ಶೀಟೇ ಬೇಡ.

ಪ್ಯಾಲೆಟ್ ಮೇಲಿನ ಮುದ್ರೆಯನ್ನೂ ನೋಡಿ. ಎಚ್‌ಟಿ ಅಂತ ಇದ್ದರೆ ಮರವನ್ನು ಬಿಸಿ ಮಾಡಿ ಹುಳ ಕೊಂದಿದ್ದಾರೆ ಅಂತ, ತೊಂದರೆ ಇಲ್ಲ. ಎಂಬಿ ಅಂತ ಇದ್ದರೆ ವಿಷದ ಅನಿಲ ಬಿಟ್ಟಿದ್ದಾರೆ, ಅದನ್ನು ಬಿಟ್ಟುಬಿಡಿ. ಎಣ್ಣೆ, ರಾಸಾಯನಿಕದ ಕಲೆ ಇದ್ದವೂ ಬೇಡ. ಕೋಳಿ ಕುಕ್ಕದ ವಸ್ತು ಇಲ್ಲ.

ಹಿತ್ತಲಮನೆ, ತುಮಕೂರು:
ನೋಡಿದೆವು, ಎಲ್ಲದರ ಮೇಲೂ ಎಚ್‌ಟಿ ಅಂತಲೇ ಇದೆ. ಚಾವಣಿಗೆ ತಗಡು, ಮೇಲೆ ತೆಂಗಿನ ಗರಿ ಅಂತ ತೀರ್ಮಾನ ಆಯಿತು.

ಈಗ ನೆಲ. ಅತ್ತೆಗೆ ಬಗ್ಗಲು ಆಗದ ಕಾರಣ ಗೂಡನ್ನು ನೆಲದಿಂದ 2 ಅಡಿ ಎತ್ತರಕ್ಕೆ ಎತ್ತಬೇಕು. ನಾಲ್ಕು ಕಲ್ಲು ಕಂಬ ನಾಲ್ಕು ಮೂಲೆಗೆ ಬರುತ್ತವೆ. ಅಟ್ಟದ ನೆಲ ಹೇಗಿರಬೇಕು? ಹಲಗೆಗಳ ನಡುವೆ ಸಂದಿ ಬಿಟ್ಟರೆ ಹಿಕ್ಕೆ ಕೆಳಗೆ ಬೀಳುತ್ತದೆ, ಗುಡಿಸುವುದು ತಪ್ಪುತ್ತದೆ ಅಂತ ಯಜಮಾನರು ಹೇಳುತ್ತಾರೆ.

ಅಡಿಕೆಮನೆ, ತೀರ್ಥಹಳ್ಳಿ:
ನಮ್ಮಲ್ಲಿ ಹಾಗೇ ಮಾಡುತ್ತೇವೆ ಅಕ್ಕ. ಅಡಿಕೆ ದಬ್ಬೆ ಸೀಳಿ, ಮುಕ್ಕಾಲು ಇಂಚು ಸಂದಿ ಬಿಟ್ಟು ಹೊಡೆಯುವುದು. ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಡದೆ ಸುರಿಯುವ ಮಳೆಗೆ ಅದೇ ಅನುಕೂಲ. ಹೊಟ್ಟು ಹಾಸಿದರೆ ಎರಡೇ ದಿನಕ್ಕೆ ಒದ್ದೆಯಾಗಿ ಮುಗ್ಗುಲು ಹಿಡಿಯುತ್ತದೆ. ಕೆಳಗೆ ಬಿದ್ದ ಗೊಬ್ಬರ ನೇರ ತೋಟಕ್ಕೆ.

ಪಶುವೈದ್ಯ (ನಿವೃತ್ತ):
ಮಲೆನಾಡಿಗೆ ಅದು ಸರಿ. ತುಮಕೂರಿಗೆ ನಾನು ಬೇರೆ ಹೇಳುತ್ತೇನೆ.

ಸಂದಿ ಬಿಟ್ಟ ನೆಲದಲ್ಲಿ ಇಲಿ, ಹಾವು ಬರದ ಹಾಗೆ ಅಡಿಗೆ ಜಾಲರಿ ಹೊಡೆಯಬೇಕು. ಅರ್ಧ ಇಂಚಿನ ಕಣ್ಣಿನಲ್ಲಿ ಹಿಕ್ಕೆ ಇಳಿಯುವುದಿಲ್ಲ, ಅಂಟಿಕೊಂಡು ಗಟ್ಟಿಯಾಗುತ್ತದೆ. ಅದನ್ನು ಕೆರೆದು ತೆಗೆಯುವುದು ಗುಡಿಸುವುದಕ್ಕಿಂತ ಕಷ್ಟ. 24 ಚದರ ಅಡಿ ಜಾಲರಿಯ ಖರ್ಚೂ ಬೇರೆ. ಹಾಗಂತ ಬರೀ ಜಾಲರಿ ಮೇಲೆ ಕೋಳಿ ನಿಲ್ಲಿಸಿದರೆ ಪಾದದ ಅಡಿ ಗಾಯವಾಗಿ, ಬಾತು, ಕೀವು ತುಂಬುತ್ತದೆ.

ಹಲಗೆಗಳನ್ನು ಒತ್ತಾಗಿ ಹೊಡೆಯಿರಿ, ಸಂದಿ ಬೇಡ. ಮೇಲೆ ಭತ್ತದ ಹೊಟ್ಟು ಇಲ್ಲ ಕಡಲೆಕಾಯಿ ಸಿಪ್ಪೆ 3 ಇಂಚು ದಪ್ಪ ಹಾಸಿ. ನಿಮ್ಮ ಕಡೆ ಕಡಲೆಕಾಯಿ ಸಿಪ್ಪೆ ಸುಲಭವಾಗಿ ಸಿಗುತ್ತದೆ. ಒದ್ದೆ ಕಂಡ ಕಡೆ ಒಂದು ಹಿಡಿ ಸುಣ್ಣದ ಪುಡಿ ಉದುರಿಸಿ ಕೈಯಾಡಿಸಿ. ಮರದ ಪುಡಿ ತೀರಾ ನುಣ್ಣಗಿನದು ಬೇಡ, ದೂಳೆದ್ದು ಕೋಳಿಗೆ ಕೆಮ್ಮು ಹತ್ತುತ್ತದೆ.

ಮೈಸೂರು ಫ್ಯಾಬ್ರಿಕೇಶನ್:
ಹಲಗೆ ಮೇಲೆ ಹೊಟ್ಟು ಹಾಕುವ ಮೊದಲು ಹಳೇ ಫ್ಲೆಕ್ಸ್ ಬ್ಯಾನರ್ ಹಾಸಿ ಮೇಡಂ. ಊರ ಹಬ್ಬ ಮುಗಿದ ಮೇಲೆ ಬೇಕಾದಷ್ಟು ಸಿಗುತ್ತದೆ. ಬಣ್ಣದ ಬದಿ ಕೆಳಗಿರಲಿ. ಹೊಟ್ಟು ಬದಲಿಸುವ ದಿನ ಫ್ಲೆಕ್ಸಿನ ತುದಿ ಹಿಡಿದು ಎಳೆದರೆ ಎಲ್ಲ ಒಟ್ಟಿಗೆ ಹೊರಗೆ ಬರುತ್ತದೆ, ನೇರ ಗೊಬ್ಬರದ ಗುಂಡಿಗೆ. ಹಲಗೆಯೂ ಕೊಳೆಯುವುದಿಲ್ಲ. ಅದಕ್ಕಾಗಿ ಬಾಗಿಲು ಒಂದು ಬದಿ ಪೂರ್ತಿ ತೆರೆಯುವಷ್ಟು ದೊಡ್ಡದಿರಲಿ, ಕಿಂಡಿಯಷ್ಟು ಮಾಡಬೇಡಿ.

ಜಾಲರಿ ಹೊಡೆಯುವ ಬಗ್ಗೆ ಹೇಳಲೇಬೇಕು. ಒಳ್ಳೇ ಜಾಲರಿ ತಂದು ಬರೀ ಯು ಮೊಳೆಯಲ್ಲಿ ಹೊಡೆದು ಬಿಡುತ್ತಾರೆ. ನಾಯಿ ಒಂದು ಮೂಲೆ ಹಿಡಿದು ಎಳೆದರೆ ಮೊಳೆ ಪಟಪಟ ಕಿತ್ತು ಬರುತ್ತದೆ. ಜಾಲರಿಯ ಅಂಚನ್ನು ಚೌಕಟ್ಟಿನ ಮೇಲೆ ಒಂದೂವರೆ ಇಂಚು ಬರುವ ಹಾಗೆ ಕತ್ತರಿಸಿ. ಅದರ ಮೇಲೆ ಒಂದು ಇಂಚಿನ ಮರದ ಪಟ್ಟಿ ಇಟ್ಟು, ಪಟ್ಟಿಯ ಮೇಲಿಂದ ಅರ್ಧ ಅರ್ಧ ಅಡಿಗೆ ಒಂದು ಸ್ಕ್ರೂ ಬಿಗಿಯಿರಿ. ಆಗ ಎಳೆತ ಒಂದು ಮೊಳೆ ಮೇಲೆ ಬೀಳುವುದಿಲ್ಲ, ಪೂರ್ತಿ ಪಟ್ಟಿ ತಡೆಯುತ್ತದೆ. ಕತ್ತರಿಸಿದ ತಂತಿ ತುದಿಗಳೂ ಪಟ್ಟಿ ಅಡಿಯಲ್ಲಿ ಮುಚ್ಚಿಹೋಗುತ್ತವೆ, ಕೋಳಿಗಾಗಲಿ ಅಮ್ಮನ ಕೈಗಾಗಲಿ ಗೀರುವುದಿಲ್ಲ.

ಬಾಗಿಲಿಗೆ ಎರಡು ಭದ್ರತೆ ಬೇಕು. ಮೇಲೆ ಒಂದು ಚಿಲಕ, ಕೆಳಗೆ ಒಂದು ಕೊಕ್ಕೆ. ಬರೀ ಮೇಲೆ ಚಿಲಕ ಇದ್ದರೆ ಕೆಳಗಿನ ಮೂಲೆಯನ್ನು ತಳ್ಳಿ ತಳ್ಳಿ ಸಂದಿ ಮಾಡಿಕೊಂಡು ಬೆಕ್ಕು ನುಗ್ಗುತ್ತದೆ. ಕೀಲು ಮೂರು ಹಾಕಿ, ಎರಡರಲ್ಲಿ ಮುಗಿಸಬೇಡಿ. ಇಷ್ಟಕ್ಕೆಲ್ಲ 600 ರೂಪಾಯಿ ಆಗಬಹುದು. ಅದರಲ್ಲಿ ಉಳಿಸಲು ಹೋಗಬೇಡಿ.

ಹಿತ್ತಲಮನೆ, ತುಮಕೂರು:
ಫ್ಲೆಕ್ಸ್ ಉಪಾಯ ಕೇಳಿ ಅತ್ತೆಗೆ ಬಹಳ ಖುಷಿ ಆಯಿತು.

ಗಾಳಿ ಬಗ್ಗೆ ಕೇಳಬೇಕು. ಚಳಿಗಾಲದಲ್ಲಿ ನಮ್ಮಲ್ಲಿ ಬೆಳಗಿನ ಜಾವ ಚೆನ್ನಾಗಿ ಚಳಿ ಇರುತ್ತದೆ. ನಾಲ್ಕೂ ಕಡೆ ಮುಚ್ಚಿಬಿಡೋಣವೇ?

ಪಶುವೈದ್ಯ (ನಿವೃತ್ತ):
ಬೇಡಮ್ಮ, ಖಂಡಿತ ಬೇಡ. ಕೋಳಿಗೆ ಪುಕ್ಕದ ಹೊದಿಕೆ ಇದೆ, ನಮ್ಮ ಕಡೆಯ ಚಳಿ ಅದಕ್ಕೆ ಏನೂ ಅಲ್ಲ. ಮುಚ್ಚಿದ ಗೂಡಿನಲ್ಲಿ ಹಿಕ್ಕೆಯ ಅಮೋನಿಯಾ ನಿಲ್ಲುತ್ತದೆ, ಉಸಿರಿನ ತೇವ ನಿಲ್ಲುತ್ತದೆ. ಕಣ್ಣು ಉರಿ, ಶೀತ, ಗೊರಗೊರ ಎಲ್ಲ ಅಲ್ಲಿಂದಲೇ ಶುರು. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಮುಖ ಒಳಗೆ ಹಾಕಿ ನೋಡಿ, ಮೂಗು ಚುರ್ ಅಂದರೆ ಗಾಳಿ ಸಾಲದು ಅಂತಲೇ ಅರ್ಥ.

ನೈರುತ್ಯದ ಮಳೆಗಾಳಿ ಬರುವ ದಕ್ಷಿಣ, ಪಶ್ಚಿಮ ಬದಿಗೆ ಹಲಗೆ ಇರಲಿ, ಆದರೆ ಚಾವಣಿ ಕೆಳಗೆ ಅರ್ಧ ಅಡಿ ಜಾಲರಿ ಬಿಡಿ. ಬಿಸಿ ಗಾಳಿ ಅಲ್ಲಿಂದ ಹೊರಗೆ ಹೋಗುತ್ತದೆ. ಉತ್ತರ ಮತ್ತು ಪೂರ್ವಕ್ಕೆ ಕೆಳಗೆ ಒಂದೂವರೆ ಅಡಿ ಹಲಗೆ, ಮೇಲೆಲ್ಲ ಜಾಲರಿ. ಕೋಳಿ ಕೂರುವ ಮಟ್ಟದಲ್ಲಿ ನೇರ ಗಾಳಿ ಹೊಡೆಯಬಾರದು, ತಲೆ ಮೇಲಿಂದ ಆಡಬೇಕು. ಹಿಂಗಾರಿನಲ್ಲಿ, ಅಕ್ಟೋಬರ್ ನವೆಂಬರ್ ಹೊತ್ತಿಗೆ, ಈಶಾನ್ಯದಿಂದ ಇರಿಚಲು ಬರುತ್ತದೆ. ಆಗ ಆ ಎರಡು ಬದಿಗೆ ಗೋಣಿಚೀಲ ಇಳಿಬಿಟ್ಟರೆ ಸಾಕು.

ಸಂಪಿಗೆ ರಸ್ತೆ, ಬೆಂಗಳೂರು:
ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ಹುಂಜ ಇಲ್ಲದೆ ಹೇಂಟೆ ಮೊಟ್ಟೆ ಇಡುತ್ತದೆಯೇ? ಪಕ್ಕದ ಮನೆಯವರು ಕೂಗಿಗೆ ಒಪ್ಪುವುದಿಲ್ಲ.

ಜವಾರಿ, ಧಾರವಾಡ:
ಇಡುತ್ತದೆ. ಹುಂಜ ಬೇಕಾಗುವುದು ಮರಿ ಮಾಡಿಸುವುದಕ್ಕೆ ಮಾತ್ರ. ತಿನ್ನುವ ಮೊಟ್ಟೆಗೆ ಬೇಡ. ಪಕ್ಕದವರಿಗೆ ಮೊದಲೇ ಒಂದು ಮಾತು ಹೇಳಿ, ಆಮೇಲೆ ನಾಲ್ಕು ಮೊಟ್ಟೆ ಕೊಡಿ, ಎಲ್ಲ ಸರಿ ಹೋಗುತ್ತದೆ.

ಪುತ್ತೂರು ಮುರಕಲ್ಲು:
ಒಳಗಿನ ಸಾಮಾನು ಹೇಳಿಬಿಡುತ್ತೇನೆ.

ಕೂರುವ ಅಡ್ಡಗೋಲು 2 ಇಂಚು ಅಗಲದ ಮರ ಇರಲಿ, ಅಂಚು ಕೀಸಿ ದುಂಡಗೆ ಮಾಡಿ. ಕಬ್ಬಿಣದ ಪೈಪ್ ಬೇಡ, ಜಾರುತ್ತದೆ. ಒಂದು ಕೋಳಿಗೆ 8 ಇಂಚು ಅಂದರೆ ಎಂಟಕ್ಕೆ 64 ಇಂಚು, 6 ಅಡಿಯ ಒಂದೇ ಗೋಲಿನಲ್ಲಿ ಎಲ್ಲವೂ ಕೂರುತ್ತವೆ. ಗೋಡೆಯಿಂದ ಒಂದಡಿ ದೂರ ಇಡಿ. ಗೋಲು ಬಿಚ್ಚಿ ತೆಗೆಯುವ ಹಾಗಿರಲಿ, ಆಗಾಗ ಬಿಸಿಲಿಗೆ ಹಾಕಬಹುದು. ಬಹಳ ಮುಖ್ಯ ಅಂದರೆ, ಗೋಲು ಮೊಟ್ಟೆ ಪೆಟ್ಟಿಗೆಗಿಂತ ಎತ್ತರದಲ್ಲಿ ಇರಬೇಕು. ಕೋಳಿ ರಾತ್ರಿ ಸಿಕ್ಕಿದ್ದರಲ್ಲಿ ಎತ್ತರದ ಜಾಗ ಹುಡುಕುತ್ತದೆ. ಪೆಟ್ಟಿಗೆ ಮೇಲಿದ್ದರೆ ಪೆಟ್ಟಿಗೆಯಲ್ಲೇ ಮಲಗಿ, ಅಲ್ಲೇ ಹಿಕ್ಕೆ ಹಾಕಿ, ಬೆಳಿಗ್ಗೆ ಅದರ ಮೇಲೆಯೇ ಮೊಟ್ಟೆ ಇಡುತ್ತದೆ.

ಎಂಟು ಹೇಂಟೆಗೆ ಎರಡು ಪೆಟ್ಟಿಗೆ ಸಾಕು. ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಎಷ್ಟು ಪೆಟ್ಟಿಗೆ ಇಟ್ಟರೂ ಎಲ್ಲ ಹೋಗುವುದು ಒಂದಕ್ಕೇ. ನಿಮ್ಮ ಅತ್ತೆಯವರಿಗಾಗಿ ಹೀಗೆ ಮಾಡಿ: ಪೆಟ್ಟಿಗೆಗಳನ್ನು ಗೂಡಿನ ಗೋಡೆಯಿಂದ ಹೊರಗೆ ಚಾಚುವಂತೆ ಕೂರಿಸಿ. ಮೇಲಿನ ಮುಚ್ಚಳಕ್ಕೆ ಕೀಲು, ಮೇಲೆ ಒಂದು ತುಂಡು ಫ್ಲೆಕ್ಸ್. ಗೂಡು 2 ಅಡಿ ಎತ್ತರದಲ್ಲಿ ಇರುವುದರಿಂದ ಪೆಟ್ಟಿಗೆ ಸೊಂಟದ ಮಟ್ಟಕ್ಕೆ ಬರುತ್ತದೆ. ಮುಚ್ಚಳ ಎತ್ತಿದರೆ ಮೊಟ್ಟೆ ಕೈಗೆ. ಆ ಮುಚ್ಚಳಕ್ಕೂ ಕೊಕ್ಕೆ ಮರೆಯಬೇಡಿ, ಉಡ ಬಂದರೆ ಮೊಟ್ಟೆ ಉಳಿಯುವುದಿಲ್ಲ.

ಹಿತ್ತಲಮನೆ, ತುಮಕೂರು:
ಅಣ್ಣ, ಇದನ್ನು ಓದಿ ನಿಜವಾಗಿ ಮನಸ್ಸು ತುಂಬಿತು. ಅತ್ತೆಗೆ ನಿಮ್ಮ ಮುಚ್ಚಳದ ಚಿತ್ರ ಬರೆದು ತೋರಿಸಿದೆ. ಪೆಟ್ಟಿಗೆ ಅಡುಗೆಮನೆ ಬಾಗಿಲ ಕಡೆಗೇ ಇರಲಿ ಅಂದರು.

ಹಾವು ಅಂದರೆ ನನಗೆ ಭಯ. ಬೇಲಿ ಕಡೆಯಿಂದ ಕೇರೆ ಹಾವು ಓಡಾಡುತ್ತದೆ.

ಪುತ್ತೂರು ಮುರಕಲ್ಲು:
ಕೇರೆ ಹಾವಿಗೆ ವಿಷ ಇಲ್ಲ, ಇಲಿ ಹಿಡಿಯುತ್ತದೆ, ಹೊಡೆಯಬೇಡಿ. ಅರ್ಧ ಇಂಚಿನ ಜಾಲರಿ ಇದ್ದರೆ ಮೊಟ್ಟೆ ತಿನ್ನುವಷ್ಟು ದೊಡ್ಡ ಹಾವು ಒಳಗೆ ಬರಲು ಆಗುವುದಿಲ್ಲ. ಹಲಗೆ ಸಂದಿಗಳನ್ನು ಒಮ್ಮೆ ಬೆರಳಿಟ್ಟು ನೋಡಿ, ಕಿರುಬೆರಳು ಹೋಗುವ ಜಾಗ ಇದ್ದರೆ ಅಲ್ಲೊಂದು ಪಟ್ಟಿ ಹೊಡೆಯಿರಿ. ಕಾಳು, ನುಚ್ಚು ಎಲ್ಲ ಮುಚ್ಚಳದ ಡಬ್ಬದಲ್ಲಿ ಇರಲಿ. ಸಂಜೆ ಉಳಿದ ಮೇವು ತೆಗೆದುಬಿಡಿ. ಇಲಿ ಬರದಿದ್ದರೆ ಹಾವೂ ಬರುವುದಿಲ್ಲ. ಗೂಡಿನ ಅಡಿಯಲ್ಲಿ ಸೌದೆ, ಹೆಂಚು, ಇಟ್ಟಿಗೆ ರಾಶಿ ಹಾಕಬೇಡಿ. ಅಲ್ಲಿ ಖಾಲಿ ಇದ್ದರೆ ಹಗಲು ಕೋಳಿಗೆ ನೆರಳೂ ಆಯಿತು. ನಾಗರಹಾವು ಏನಾದರೂ ಕಂಡರೆ ಹಿಡಿಯುವವರನ್ನು ಕರೆಸಿ.

ಕೋಲಾರದವನು:
ಯಾವ ಕೋಳಿ ತರುತ್ತೀರಿ?

ಹಿತ್ತಲಮನೆ, ತುಮಕೂರು:
ಅದನ್ನೇ ಕೇಳಬೇಕು ಅಂತಿದ್ದೆ. ನಾಟಿ ತರೋಣವೋ, ಗಿರಿರಾಜವೋ?

ಪಶುವೈದ್ಯ (ನಿವೃತ್ತ):
ನಿಮಗೆ ಬೇಕಾದದ್ದು ಏನು ಅನ್ನುವುದರ ಮೇಲೆ ಹೋಗುತ್ತದೆ. ಅಪ್ಪಟ ನಾಟಿ ಹೇಂಟೆ ವರ್ಷಕ್ಕೆ 50, 60 ಮೊಟ್ಟೆ ಇಡುತ್ತದೆ. ಆದರೆ ತಾನೇ ಕಾವಿಗೆ ಕೂತು 21 ದಿನಕ್ಕೆ ಮರಿ ಮಾಡುತ್ತದೆ, ಮರಿ ಸಾಕುತ್ತದೆ, ಗಿಡುಗ ಕಂಡರೆ ಎಲ್ಲವನ್ನೂ ಕರೆದು ಅಡಗಿಸುತ್ತದೆ. ಗಿರಿರಾಜ ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಬೆಳೆದ ತಳಿ, 1989ರಲ್ಲಿ ಬಂತು. ಹಿತ್ತಲಿನಲ್ಲಿ ಮೇಯ್ದುಕೊಂಡೇ 130ಕ್ಕೂ ಜಾಸ್ತಿ ಮೊಟ್ಟೆ ಇಡುತ್ತದೆ, ಮೈತೂಕವೂ ಚೆನ್ನಾಗಿ ಬರುತ್ತದೆ. ಅದರ ನಂತರ 2005ರಲ್ಲಿ ಬಂದ ಸ್ವರ್ಣಧಾರ ಮೊಟ್ಟೆಯಲ್ಲಿ ಇನ್ನೂ ಮುಂದು. ಆದರೆ ಇವು ಕಾವಿಗೆ ಕೂರುವುದಿಲ್ಲ.

ಮನೆ ಮೊಟ್ಟೆಗೆ ಅಂದರೆ ಆರು ಸ್ವರ್ಣಧಾರ, ಎರಡು ನಾಟಿ ಇಡಿ ಅನ್ನುತ್ತೇನೆ. ಮುಂದೆ ಮರಿ ಬೇಕು ಅಂದಾಗ ನಾಟಿ ಹೇಂಟೆಯ ಅಡಿಗೆ ಬೇರೆ ಮೊಟ್ಟೆ ಇಟ್ಟು ಕೂರಿಸಬಹುದು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಗಿರಿರಾಜ, ಸ್ವರ್ಣಧಾರ ಮರಿ ಕೊಡುತ್ತಾರೆ. ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಕೇಂದ್ರದಲ್ಲಿ ಕಾವೇರಿ ತಳಿ ಸಿಗುತ್ತದೆ. ಮೊದಲೇ ಬುಕ್ ಮಾಡಬೇಕು.

ಒಂದು ದಿನದ ಮರಿ ಅಗ್ಗ. ಆದರೆ ಮೊದಲ ವಾರ 35 ಡಿಗ್ರಿ ಕಾವು ಬೇಕು, ಬಲ್ಬು, ಕರೆಂಟು, ರಾತ್ರಿ ಎದ್ದು ನೋಡುವುದು. ಅತ್ತೆಯವರಿಗೆ ಕಷ್ಟ ಆಗುತ್ತದೆ. ಎರಡು ತಿಂಗಳು ಬೆಳೆದದ್ದನ್ನೇ ತನ್ನಿ. ರೇಟು ಸ್ವಲ್ಪ ಜಾಸ್ತಿ, ಆದರೆ ಸಾಯುವುದು ಕಡಿಮೆ.

ಅಡಿಕೆಮನೆ, ತೀರ್ಥಹಳ್ಳಿ:
ಲಸಿಕೆ ವಿಷಯವನ್ನೂ ಹೇಳಿ ಸರ್. ನಮ್ಮೂರಲ್ಲಿ ಬೇಸಿಗೆ ಬಂತು ಅಂದರೆ ಕೊಕ್ಕರೆ ರೋಗಕ್ಕೆ (ರಾಣಿಖೇತ್) ಕೇರಿಗೆ ಕೇರಿಯೇ ಖಾಲಿ ಆಗುತ್ತದೆ.

ಪಶುವೈದ್ಯ (ನಿವೃತ್ತ):
ಕೊಕ್ಕರೆ ರೋಗಕ್ಕೆ ಮದ್ದಿಲ್ಲ, ಲಸಿಕೆ ಒಂದೇ ದಾರಿ. ಮೊದಲ ವಾರದಲ್ಲಿ ಕಣ್ಣಿಗೆ ಒಂದು ಹನಿ, ನಾಲ್ಕನೇ ವಾರ ಇನ್ನೊಂದು ಸಲ, ಎಂಟನೇ ವಾರಕ್ಕೆ ಸೂಜಿ. ತರುವಾಗಲೇ ಯಾವ ಯಾವುದು ಆಗಿದೆ ಅಂತ ಬರೆಸಿಕೊಳ್ಳಿ.

ಲಸಿಕೆ ಸೀಸೆ 100 ಕೋಳಿಗೆ ಆಗುವಷ್ಟು ಬರುತ್ತದೆ. ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು, ಮಂಜುಗಡ್ಡೆಯಲ್ಲೇ ಇಟ್ಟಿರಬೇಕು. ಎಂಟು ಕೋಳಿಗೆ ಅಂತ ಒಂದು ಸೀಸೆ ಒಡೆದರೆ ಉಳಿದದ್ದೆಲ್ಲ ಚೆಲ್ಲಬೇಕು. ಅದಕ್ಕೆ ಬೀದಿಯಲ್ಲಿ ಕೋಳಿ ಸಾಕಿದವರೆಲ್ಲ ಒಂದೇ ದಿನ ಸೇರಿಸಿ. ನಿಮ್ಮ ಪಶು ಆಸ್ಪತ್ರೆಯಲ್ಲಿ ಮೊದಲೇ ದಿನ ಕೇಳಿಕೊಳ್ಳಿ. ಎಲ್ಲರಿಗೂ ಖರ್ಚು ಕಡಿಮೆ, ಬೀದಿಯ ಕೋಳಿ ಎಲ್ಲ ಉಳಿಯುತ್ತವೆ. ಇದು ನಾನು ಸರ್ವೀಸಿನ ಉದ್ದಕ್ಕೂ ಹೇಳಿದ ಮಾತು, ಈಗಲೂ ಹೇಳುತ್ತೇನೆ.

ಹಿತ್ತಲಮನೆ, ತುಮಕೂರು:
ಅಕ್ಕಪಕ್ಕದಲ್ಲಿ ಕೇಳಿದೆ, ನಾಲ್ಕು ಮನೆಯವರು ಒಪ್ಪಿದ್ದಾರೆ. 

ಸಾಮಾನು ತಂದಾಯಿತು. ಯಾರಿಗಾದರೂ ಉಪಯೋಗ ಆಗಲಿ ಅಂತ ಲೆಕ್ಕ ಹಾಕುತ್ತೇನೆ. ವೆಲ್ಡ್ ಮೆಶ್ 4 ಅಡಿ ಅಗಲದ್ದು 10 ಅಡಿ, 40 ಚದರ ಅಡಿ, 1,200 ರೂಪಾಯಿ. ನೆಲಕ್ಕೆ ಜಾಲರಿ ಬೇಡ ಅಂದದ್ದರಿಂದ ಇಷ್ಟರಲ್ಲಿ ಆಯಿತು. ಗುಜರಿಯಲ್ಲಿ ಹಳೇ ಶೀಟು ಮೂರು, 1,300. ಚೌಕಟ್ಟಿಗೆ, ಪಟ್ಟಿಗೆ ಮರ 900. ಕೀಲು, ಚಿಲಕ, ಕೊಕ್ಕೆ, ಸ್ಕ್ರೂ ಸೇರಿ 600. ಸುಣ್ಣ, ಕಂಬ ನಿಲ್ಲಿಸಲು ಸಿಮೆಂಟ್, ಜಲ್ಲಿ 350. ನೀರಿಗೆ ಮಣ್ಣಿನ ತಟ್ಟೆ 50. ಪ್ಯಾಲೆಟ್, ಕಲ್ಲು ಕಂಬ, ಫ್ಲೆಕ್ಸ್, ಗರಿ, ಕಡಲೆಕಾಯಿ ಸಿಪ್ಪೆ ಎಲ್ಲ ಬಿಟ್ಟಿ. ಒಟ್ಟು 4,400. ಇನ್ನು 1,600 ಕೋಳಿಗೆ ಉಳಿಯಿತು. ಈಗ ಆರು ತಂದು, ಎರಡು ನಾಟಿ ಆಮೇಲೆ ತರುತ್ತೇವೆ.

ಮೈಸೂರು ಫ್ಯಾಬ್ರಿಕೇಶನ್:
ಬಹಳ ಚೆನ್ನಾಗಿ ಮಾಡಿದ್ದೀರಿ ಮೇಡಂ. ಕಲ್ಲು ಕಂಬ ಒಂದೂವರೆ ಅಡಿ ಆಳಕ್ಕೆ ಹೋಗಲಿ. ಕಲ್ಲಿಗೆ ಮರದ ಚೌಕಟ್ಟು ಕಟ್ಟಲು ದಪ್ಪ ಕಬ್ಬಿಣದ ತಂತಿ ಎರಡು ಸುತ್ತು ಹಾಕಿ ಇಕ್ಕಳದಲ್ಲಿ ಬಿಗಿಯಿರಿ. ಕಲ್ಲು ತೂತು ಮಾಡಲು ಹೋಗಬೇಡಿ, ಸೀಳುತ್ತದೆ. ಮರ ಎಲ್ಲೂ ನೆಲ ಮುಟ್ಟದಿದ್ದರೆ ಗೆದ್ದಲಿನ ಚಿಂತೆ ಕಡಿಮೆ.

ಜವಾರಿ, ಧಾರವಾಡ:
ಮೊದಲ ನಾಲ್ಕೈದು ದಿನ ಹೊರಗೆ ಬಿಡಬೇಡಿ ಅಕ್ಕಾರ, ಗೂಡಿನೊಳಗೇ ಮೇವು, ನೀರು ಕೊಡಿ. ಇದೇ ನಮ್ಮ ಮನೆ ಅಂತ ಅವಕ್ಕೆ ಗೊತ್ತಾಗಬೇಕು. ಆಮೇಲೆ ಸಂಜೆ ಹೊತ್ತಿಗೆ ಒಂದು ಗಂಟೆ ಬಿಡಿ. ಕತ್ತಲಾದ ಕೂಡಲೇ ತಾವೇ ಏಣಿ ಹತ್ತಿ ಒಳಗೆ ಹೋಗುತ್ತವೆ. ಮೊಟ್ಟೆ ಶುರುವಾದ ಮೇಲೆ ಬೆಳಿಗ್ಗೆ 10, 11ರ ತನಕ ಒಳಗೇ ಇರಲಿ. ಜಾಸ್ತಿ ಮೊಟ್ಟೆ ಇಡುವುದು ಆ ಹೊತ್ತಿನೊಳಗೇ. ಬೇಗ ಬಿಟ್ಟರೆ ಬೇಲಿ ಸಂದಿಯಲ್ಲಿ ಇಟ್ಟು ಬರುತ್ತವೆ, ಹುಡುಕುವುದೇ ಕೆಲಸ.

ಹಿತ್ತಲಮನೆ, ತುಮಕೂರು:
ಆಮೇಲೆ ತರುವ ಎರಡು ನಾಟಿಯನ್ನು ನೇರ ಇವುಗಳ ಜೊತೆ ಬಿಡಬಹುದೇ?

ಪಶುವೈದ್ಯ (ನಿವೃತ್ತ):
ಬೇಡ. ಸಂತೆಯಿಂದ ತಂದ ಕೋಳಿ ನೋಡಲು ಚೆನ್ನಾಗಿದ್ದರೂ ಒಳಗೆ ರೋಗ ಹೊತ್ತು ತಂದಿರಬಹುದು. ಎರಡರಿಂದ ಮೂರು ವಾರ ಮನೆಯ ಇನ್ನೊಂದು ಕಡೆ ಇಡಿ. ಹಗಲು ಮಂಕರಿ ಮುಚ್ಚಿ, ರಾತ್ರಿಗೆ ಒಂದು ಗಟ್ಟಿ ಪೆಟ್ಟಿಗೆ. ನೀರಿನ ತಟ್ಟೆ, ಮೇವಿನ ತಟ್ಟೆ ಬೇರೆ. ದಿನಾ ಮೊದಲು ಹಳೇ ಕೋಳಿಗೆ ಮೇವು ಹಾಕಿ, ಆಮೇಲೆ ಹೊಸದರ ಹತ್ತಿರ ಹೋಗಿ, ಕೈ ತೊಳೆದುಕೊಳ್ಳಿ. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ, ರಾಯಚೂರು ಕಡೆ ಹಕ್ಕಿಜ್ವರ ಬಂದಾಗ ಹಿತ್ತಲ ಕೋಳಿಗಳೂ ಹೋದವು. ಒಮ್ಮೆಗೇ ಎರಡು ಮೂರು ಕೋಳಿ ಸತ್ತರೆ ಹೂಳಿ ಸುಮ್ಮನಾಗಬೇಡಿ, ಅವತ್ತೇ ಪಶು ಆಸ್ಪತ್ರೆಗೆ ತಿಳಿಸಿ.

ಮೂರು ವಾರ ಆದ ಮೇಲೆ ಕತ್ತಲಲ್ಲಿ, ಎಲ್ಲ ಗೋಲಿನ ಮೇಲೆ ಕೂತಿರುವಾಗ, ಹೊಸ ಎರಡನ್ನೂ ಮೆತ್ತಗೆ ಪಕ್ಕದಲ್ಲಿ ಕೂರಿಸಿ. ಬೆಳಿಗ್ಗೆ ಒಟ್ಟಿಗೆ ಎದ್ದರೆ ಜಗಳ ಕಡಿಮೆ. ಆ ಎರಡು ದಿನ ಮೇವು ಎರಡು ಕಡೆ ಇಡಿ.